ಬೋರ್ಡಲ್ಲಿ ಅಡ್ರೆಸ್ ಇದೆ, ಸೈಟೇ ಇಲ್ಲ: ಹೋಂಸ್ಟೇಗಳಿಗೆ ಮುಂದೇನು ದಾರಿ?

ಚಿಕ್ಕಮಗಳೂರು: ಹೋಂಸ್ಟೇ ಬೋರ್ಡಿನಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ 'ಬಿಸಿನೆಸ್ ಡಾಟ್ ಸೈಟ್' ಅಂತ ಮುಗಿಯುವ ವೆಬ್ ವಿಳಾಸ ಇನ್ನೂ ಇದ್ದರೆ ಅದರ ಮೇಲೆ ಪೇಂಟ್ ಬಳಿಯೋದೇ ವಾಸಿ. ಬೆಂಗಳೂರಿನಿಂದ ಮುಳ್ಳಯ್ಯನಗಿರಿ ನೋಡಲು ಹೊರಟವರು ಆ ವಿಳಾಸ ಒತ್ತಿದರೆ ಏನೂ ತೆರೆಯಲ್ಲ.

ಇದರಲ್ಲಿ ಮಾಲೀಕರ ತಪ್ಪೇನಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ, ಹೋಂಸ್ಟೇ ಸೇರಿಸಿದವರಿಗೆ ಕಂಪನಿ 2017ರಿಂದ ಪುಕ್ಕಟೆ ವೆಬ್‌ಸೈಟ್ ಕೊಡುತ್ತಿತ್ತು. ಮೊಬೈಲಲ್ಲೇ ಹತ್ತು ನಿಮಿಷದ ಕೆಲಸ. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಆ ವರ್ಷದ ಜೂನ್ 10ರವರೆಗೆ ಹಳೆ ವಿಳಾಸ ಒತ್ತಿದವರನ್ನು ಮ್ಯಾಪ್‌ನ ಪ್ರೊಫೈಲ್‌ಗೆ ಕಳಿಸಲಾಗುತ್ತಿತ್ತು, ಆಮೇಲೆ ಅದೂ ಇಲ್ಲ. ಬೇರೆ ಕಡೆ ಸೈಟ್ ಮಾಡಿಕೊಳ್ಳಿ ಅಂತ ಹೇಳಿ ವಿಕ್ಸ್, ಸ್ಕ್ವೇರ್‌ಸ್ಪೇಸ್, ಗೋಡ್ಯಾಡಿ ತರದ ಹೆಸರುಗಳನ್ನೂ ಕಂಪನಿಯೇ ಸೂಚಿಸಿತು.

ಸ್ವಂತ ಸೈಟ್ ಇಲ್ಲದ ಹೋಂಸ್ಟೇಗೆ ಉಳಿಯುವುದು ಬುಕಿಂಗ್ ಆ್ಯಪ್‌ಗಳು. ಅಲ್ಲಿ ಪ್ರತಿ ರೂಮಿಗೂ ಕಮಿಷನ್ ಹೋಗುತ್ತದೆ, ಜೊತೆಗೆ ಗಿರಾಕಿಯ ಪರಿಚಯವೂ ಆ್ಯಪ್‌ನದ್ದೇ ಆಗಿಬಿಡುತ್ತದೆ. ಹಾಗಾಗಿ ಹೊಸ ಸೈಟ್ ಬೇಕೇ ಬೇಕು. ಆದರೆ ಯಾವ ತರದ್ದು ಅನ್ನೋದೇ ಪ್ರಶ್ನೆ.

ಒಂದು ದಾರಿ ಮತ್ತೆ ರೆಡಿಮೇಡ್. ವಿಕ್ಸ್‌ನಂಥ ಕಂಪನಿಗಳಲ್ಲಿ ಡಿಸೈನ್, ಸರ್ವರ್, ಭದ್ರತೆ ಎಲ್ಲ ಅವರದ್ದೇ. ಫೋಟೊ ಎಳೆದು ಹಾಕು, ಎರಡು ಸಾಲು ಬರಿ, ಮುಗೀತು. ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕು. ಇದು ಬಾಡಿಗೆ ಮನೆಗೆ ನಮ್ಮ ಖರ್ಚಲ್ಲಿ ಟೈಲ್ಸ್ ಹಾಕಿಸಿದ ಹಾಗೆ. ಬಿಟ್ಟು ಹೋಗುವಾಗ ಕಿತ್ತುಕೊಂಡು ಹೋಗಕ್ಕಾಗಲ್ಲ. ತನ್ನಲ್ಲಿ ಕಟ್ಟಿದ ಸೈಟನ್ನು ಬೇರೆ ಸರ್ವರ್‌ಗೆ ಎತ್ತಿಕೊಂಡು ಹೋಗಲು ಬರುವುದಿಲ್ಲ ಅಂತ ವಿಕ್ಸ್ ತನ್ನ ಸಹಾಯ ಪುಟದಲ್ಲೇ ಬರೆದುಕೊಂಡಿದೆ. ಡೊಮೇನ್ ಹೆಸರನ್ನು ಮಾತ್ರ ವರ್ಗಾಯಿಸಬಹುದು.

ಇನ್ನೊಂದು ದಾರಿ ಓಪನ್ ಸೋರ್ಸ್. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಪೂರ್ತಿ ಸ್ವಂತಕ್ಕೆ ಕಟ್ಟಿಸೋದಾದರೆ ಜ್ಯಾಂಗೋ ತರದ ಫ್ರೇಮ್‌ವರ್ಕ್ ಇದೆ. ಈ ಜ್ಯಾಂಗೋ ಹುಟ್ಟಿದ್ದು ದೊಡ್ಡ ಐಟಿ ಕಂಪನಿಯಲ್ಲಲ್ಲ, ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಅನ್ನೋ ಊರಿನ ಸ್ಥಳೀಯ ಪತ್ರಿಕೆಯ ಆಫೀಸಿನಲ್ಲಿ. ಸುದ್ದಿ ಪುಟಗಳನ್ನು ಬೇಗ ಕಟ್ಟಬೇಕಿತ್ತು, ಅದಕ್ಕೆ ಮಾಡಿಕೊಂಡ ಸಲಕರಣೆಯನ್ನು 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಸಣ್ಣ ಊರಿನ ಪತ್ರಿಕೆಯಿಂದಲೂ ಇಂಥದ್ದು ಬರುತ್ತದೆ ಅನ್ನೋದು ಜಿಲ್ಲಾ ಪತ್ರಿಕೆಗಳವರು ಗಮನಿಸಬೇಕಾದ ವಿಷಯ.

ಓಪನ್ ಸೋರ್ಸ್ ಅಂದರೆ ಫ್ರೀ ಅಂದುಕೊಂಡು ಇಳಿದವರೇ ಜಾಸ್ತಿ ಕೈ ಸುಟ್ಟುಕೊಳ್ಳೋದು. ಸಾಫ್ಟ್‌ವೇರ್ ಫ್ರೀ, ಸರ್ವರ್ ಫ್ರೀ ಅಲ್ಲ. ವರ್ಡ್‌ಪ್ರೆಸ್‌ನ ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡದೆ ಬಿಟ್ಟರೆ ಒಂದಿನ ಹೋಂಸ್ಟೇ ಪುಟ ತೆರೆದವರಿಗೆ ಯಾವುದೋ ಜೂಜಿನ ಜಾಹೀರಾತು ಕಾಣುತ್ತದೆ. ಜ್ಯಾಂಗೋದ ದೀರ್ಘಾವಧಿ ಆವೃತ್ತಿಗೂ ಭದ್ರತಾ ರಿಪೇರಿ ಸಿಗೋದು ಸುಮಾರು ಮೂರು ವರ್ಷ ಮಾತ್ರ. ಆಮೇಲೆ ಹೊಸ ಆವೃತ್ತಿಗೆ ಏರಿಸಲೇಬೇಕು. ಏರಿಸೋರು ಯಾರು? ಸೈಟ್ ಮಾಡಿಕೊಟ್ಟ ಹುಡುಗ ಅಷ್ಟೊತ್ತಿಗೆ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿರುತ್ತಾನೆ, ಫೋನ್ ಎತ್ತಲ್ಲ. ಮಲೆನಾಡಲ್ಲಿ ಇದು ಸೈಟಿಗಷ್ಟೇ ಅಲ್ಲ, ತೋಟದ ಕೆಲಸಕ್ಕೂ ಇರುವ ಕಷ್ಟ.

ಓಪನ್ ಸೋರ್ಸ್‌ನಲ್ಲಿ ಜಗಳವೇ ಇಲ್ಲ ಅಂತಲೂ ಇಲ್ಲ. ವರ್ಡ್‌ಪ್ರೆಸ್ ಸ್ಥಾಪಕ ಮ್ಯಾಟ್ ಮುಲ್ಲನ್‌ವೆಗ್‌ಗೂ ಡಬ್ಲ್ಯುಪಿ ಎಂಜಿನ್ ಅನ್ನೋ ಹೋಸ್ಟಿಂಗ್ ಕಂಪನಿಗೂ 2024ರ ಸೆಪ್ಟೆಂಬರ್‌ನಲ್ಲಿ ಜಟಾಪಟಿ ಆಯ್ತು. ಆ ಕಂಪನಿಯ ಗಿರಾಕಿಗಳಿಗೆ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಪ್ಲಗಿನ್ ಅಪ್‌ಡೇಟ್ ಬರುವುದೇ ನಿಂತಿತು. ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಕೋರ್ಟು ಸಂಪರ್ಕ ಮತ್ತೆ ಕೊಡುವಂತೆ ತಾತ್ಕಾಲಿಕ ಆದೇಶ ಮಾಡಿತು. ಸಂಬಂಧವೇ ಇಲ್ಲದ ಸಣ್ಣ ಸೈಟಿನವರು ಮಧ್ಯೆ ಸಿಕ್ಕಿಕೊಂಡರು. ಆದರೂ ಒಂದು ವ್ಯತ್ಯಾಸ ಇದೆ. ಅವರ ಫೈಲು, ಡೇಟಾಬೇಸ್ ಅವರ ಹತ್ತಿರವೇ ಇತ್ತು, ಬೇಕಾದರೆ ಬೇರೆ ಸರ್ವರ್‌ಗೆ ಹೋಗಬಹುದಿತ್ತು. ಬಿಸಿನೆಸ್ ಡಾಟ್ ಸೈಟ್‌ನವರಿಗೆ ಆ ದಾರಿ ಇರಲಿಲ್ಲ.

ಜಿಲ್ಲೆಯ ಮಟ್ಟಿಗೆ ನೋಡಿದರೆ ನಾಲ್ಕು ರೂಮಿನ ಹೋಂಸ್ಟೇಗೆ ಜ್ಯಾಂಗೋ ಕಟ್ಟಿಸೋದು ಸೊಳ್ಳೆ ಹೊಡೆಯಕ್ಕೆ ಕೋವಿ ತಂದ ಹಾಗೆ. ಫೋಟೊ, ರೇಟು, ದಾರಿ, ವಾಟ್ಸಾಪ್ ನಂಬರ್ ಇಷ್ಟೇ ಬೇಕಿರೋದು; ರೆಡಿಮೇಡ್ ಸಾಕು. ದುಡ್ಡು ಕಟ್ಟುವ ದಿನ ಮಾತ್ರ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಬೇಕು. ಆರ್‌ಬಿಐನ ಹೊಸ ನಿಯಮ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮೇಲೆ, ಕಾರ್ಡಿನಿಂದ ತಾನಾಗೇ ದುಡ್ಡು ಹೋಗಬೇಕಾದರೆ ಮೊದಲೇ ಒಪ್ಪಿಗೆ ದಾಖಲಾಗಿರಬೇಕು. ಹಳೇ ಕಾರ್ಡ್ ಬದಲಾಗಿದ್ದರೆ ಕಂತು ಹೋಗಲ್ಲ, ಸೈಟ್ ನಿಲ್ಲುತ್ತದೆ.

ಅಡಿಕೆ ಬೆಳೆಗಾರರ ಸಹಕಾರ ಸಂಘದ ಲೆಕ್ಕವೇ ಬೇರೆ. ದಿನದಿನದ ಧಾರಣೆ, ಸದಸ್ಯರ ಪಟ್ಟಿ, ಹತ್ತಾರು ವರ್ಷದ ದಾಖಲೆ ಹಾಕುವ ಸೈಟು ಇನ್ನೊಬ್ಬರ ಕಂಪನಿಯೊಳಗೆ ಕೂತಿರಬಾರದು. ಅಲ್ಲಿ ಓಪನ್ ಸೋರ್ಸೇ ಸರಿ. ಆದರೆ ಮಾಡಿಸುವ ದಿನವೇ ವರ್ಷದ ನಿರ್ವಹಣೆಗೆ ಬಜೆಟ್‌ನಲ್ಲಿ ಒಂದು ಮೊತ್ತ ಇಡಬೇಕು, ಪಾಸ್‌ವರ್ಡ್ ಒಬ್ಬನ ತಲೇಲಿ ಇರದೆ ಸಂಘದ ದಾಖಲೆಯಲ್ಲಿರಬೇಕು. ಮಹಾಸಭೆಯಲ್ಲಿ ಕಟ್ಟಡದ ಸುಣ್ಣಬಣ್ಣಕ್ಕೆ ಮಂಜೂರಾತಿ ಕೇಳ್ತಾರೆ, ಇದಕ್ಕೂ ಕೇಳಬಹುದು.

ಯಾವ ದಾರಿ ಹಿಡಿದರೂ ಡೊಮೇನ್ ಹೆಸರು ಸ್ವಂತದ್ದಾಗಿರಬೇಕು. ಅದೊಂದು ಕೈಲಿದ್ದರೆ ಬಿಲ್ಡರ್ ಮುಚ್ಚಿದರೂ ಅದೇ ವಿಳಾಸವನ್ನು ಹೊಸ ಸೈಟಿಗೆ ತಿರುಗಿಸಬಹುದು, ಬೋರ್ಡು ಬದಲಿಸುವ ಖರ್ಚಿಲ್ಲ. ಈಗಾಗಲೇ ಸೈಟ್ ಇರುವವರು ಒಮ್ಮೆ ನೋಡಿಕೊಳ್ಳಲಿ: ಡೊಮೇನ್ ರಿನ್ಯೂವಲ್ ಮೇಲ್ ಬರುತ್ತಿರುವುದು ತಮ್ಮ ಇನ್‌ಬಾಕ್ಸಿಗಾ, ಇಲ್ಲಾ ಸೈಟ್ ಮಾಡಿಕೊಟ್ಟವನ ಇನ್‌ಬಾಕ್ಸಿಗಾ?