ಚೆಂಡು ಹೆಕ್ಕುವವರು ಯಾರು, ನಾಯಕರಾಗುವವರು ಯಾರು?

'ಆಟದಾಗ ಜಾತಿ ತರಬ್ಯಾಡ್ರಪ್ಪಾ' ಎಂದು ನಮಗೆ ಬುದ್ಧಿ ಹೇಳುವ ದೊಡ್ಡವರು ಬಹಳ ಮಂದಿ. ನಾವು ಕೇಳುತ್ತೇವೆ: ಆಟಕ್ಕೆ ಜಾತಿ ತಂದವರು ಯಾರು ಸ್ವಾಮಿ?

ಕೊಳಗಲ್ಲಿನ ಕೇರಿಯಿಂದ ಹೊರಟು, ಹಾಸ್ಟೆಲಿನ ಅನ್ನ ಉಂಡು ಓದಿದವರು ನಾವು. ನಮ್ಮ ಮನೆಗಳಲ್ಲಿ ಡಿಗ್ರಿ ಕಂಡ ಮೊದಲ ತಲೆ. ನಾವು ಕಲಿತ ಒಂದು ಶಾಲೆಯ ಬಯಲಿನಲ್ಲಿ ಕಲ್ಲು ಆರಿಸಿದವರು ನಾವು, ಸುಣ್ಣದ ಗೆರೆ ಎಳೆದವರು ನಾವು, ಜಾಲಿಮುಳ್ಳಿನೊಳಗೆ ಹೋದ ಚೆಂಡು ಹೆಕ್ಕಿ ತಂದವರು ನಾವು. ಹನ್ನೊಂದು ಹೆಸರು ಬರೆಯುವಾಗ ಮಾತ್ರ ಮೇಷ್ಟ್ರಿಗೆ ನಮ್ಮ ಹೆಸರು ಮರೆಯುತ್ತಿತ್ತು. ನೀರಿನ ಕೊಡ ಬಂದಾಗ ಮತ್ತೆ ನೆನಪಾಗುತ್ತಿತ್ತು: 'ನೀವು ಆಕಡೆ ನಿಂದ್ರಿ, ಎತ್ತಿ ಹಾಕ್ತಾರ.' ಆಗ ಜಾತಿ ತಂದವರು ನಾವೇ?

ರಗ್ಬಿ ಎಂಬ ಆಟದ ಕಥೆ ಕೇಳಿ. ನಮ್ಮ ಎರೆಹೊಲದ ಸೀಮೆಯಲ್ಲಿ ಅದನ್ನು ಕಂಡವರು ಕಡಿಮೆ. ತಂಡಕ್ಕೆ ಹದಿನೈದು ಮಂದಿ, ಮೊಟ್ಟೆಯಂಥ ಚೆಂಡು, ಕೈಯಲ್ಲಿ ಹಿಡಿದು ಓಡಬೇಕು. 1871ರಲ್ಲಿ ಸ್ಕಾಟ್‌ಲೆಂಡ್ ಮತ್ತು ಇಂಗ್ಲೆಂಡ್ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದವು. ಇವತ್ತಿಗೂ ಆ ಎರಡು ದೇಶ ಕಾದಾಡುವ ಬಟ್ಟಲಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತೆಯ ಬಿಳಿಯರ ಕ್ಲಬ್ಬು ಮುಚ್ಚಿದಾಗ 270 ಬೆಳ್ಳಿ ರೂಪಾಯಿ ಕರಗಿಸಿ ಮಾಡಿಸಿದ್ದು ಅದು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1878ರಲ್ಲಿ ಅದನ್ನು ಇಂಗ್ಲೆಂಡಿಗೆ ಉಡುಗೊರೆ ಕೊಟ್ಟರು. 1876-78 ಅಂದರೆ ನಮ್ಮ ಬಳ್ಳಾರಿ ಜಿಲ್ಲೆ ದೊಡ್ಡ ಬರಕ್ಕೆ ಸಿಕ್ಕು ಹೆಣ ಎತ್ತುತ್ತಿದ್ದ ಕಾಲ. ಒಂದು ಕಡೆ ರೂಪಾಯಿ ಕರಗಿ ಬಟ್ಟಲಾಯಿತು, ಇನ್ನೊಂದು ಕಡೆ ನಮ್ಮವರ ಮೈ ಕರಗಿ ಮಣ್ಣಾಯಿತು. ಆಟ ಬೇರೆ, ರಾಜಕೀಯ ಬೇರೆ ಅಂತೀರಾ?

ದಕ್ಷಿಣ ಆಫ್ರಿಕಾದಲ್ಲಿ ಈ ಆಟ ಬಿಳಿಯರ ಸ್ವಂತ ದೇವರಾಯಿತು. ಕರಿಯರಿಗೆ ಆಟ ಬರುತ್ತಿರಲಿಲ್ಲ ಎಂಬುದು ಸುಳ್ಳು. ಹತ್ತೊಂಬತ್ತನೇ ಶತಮಾನದಿಂದಲೇ ಆಡುತ್ತಿದ್ದರು. ದೇಶದ ಅಂಗಿ ಮಾತ್ರ ಅವರ ಮೈಗಿಲ್ಲ. ಎದುರು ತಂಡದ ಮೈಬಣ್ಣಕ್ಕೂ ಅವರದೇ ಕಟ್ಟಳೆ. 1928ರಲ್ಲಿ ನ್ಯೂಜಿಲೆಂಡ್ ತನ್ನ ಹೆಸರಾಂತ ಆಟಗಾರ ಜಾರ್ಜ್ ನೇಪಿಯಾನನ್ನು, ಮಾವೊರಿ ಎಂಬ ಕಾರಣಕ್ಕೆ, ಮನೆಯಲ್ಲೇ ಬಿಟ್ಟು ಅಲ್ಲಿಗೆ ಹೋಯಿತು. 1960ರಲ್ಲಿ ಲಕ್ಷಾಂತರ ಜನ ಸಹಿ ಹಾಕಿ ಬೇಡವೆಂದರೂ ಮಾವೊರಿಗಳನ್ನು ಬಿಟ್ಟೇ ಹೋಯಿತು. 1970ರಲ್ಲಿ ಮಾವೊರಿಗಳಿಗೆ 'ಗೌರವ ಬಿಳಿಯರು' ಎಂಬ ಚೀಟಿ ಸಿಕ್ಕಿತು. ಗೌರವವಂತೆ! ಈ ಚೀಟಿ ನಮಗೂ ಗೊತ್ತು. 'ನೀನು ಅವರಂಗಲ್ಲ ಬಿಡಪ್ಪಾ' ಎಂದು ಹೊರಜಗುಲಿಯಲ್ಲಿ ಕೂರಿಸಿ ಕೊಡುವ ಚೀಟಿ.

1981ರಲ್ಲಿ ದಕ್ಷಿಣ ಆಫ್ರಿಕಾ ತಂಡ ನ್ಯೂಜಿಲೆಂಡಿಗೆ ಬಂತು. ಆಟದಲ್ಲಿ ರಾಜಕೀಯ ಬೇಡವೆಂದು ಅಲ್ಲಿನ ದೊಡ್ಡವರೂ ಅಂದರು. ಜನ ಕೇಳಲಿಲ್ಲ. ಜುಲೈ 25ರಂದು ಹ್ಯಾಮಿಲ್ಟನ್‌ನಲ್ಲಿ ಬೇಲಿ ಕಿತ್ತು ಅಂಗಳಕ್ಕೆ ನುಗ್ಗಿ, ಒಬ್ಬರನ್ನೊಬ್ಬರು ಹಿಡಿದು ನಿಂತರು. ಪಂದ್ಯ ರದ್ದಾಯಿತು. ಆ ನಿಂತವರಲ್ಲಿ ಬಿಳಿಯರೂ ಇದ್ದರು ಎಂಬುದನ್ನು ನಮ್ಮ ಮೇಲುಜಾತಿಯ ಗೆಳೆಯರು ಗಮನಿಸಬೇಕು.

ನಮ್ಮ ದೇಶವೂ 1974ರಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಡೇವಿಸ್ ಕಪ್ ಫೈನಲ್ ಆಡಲು ಒಲ್ಲೆ ಎಂದಿತು. ಸರಿಯಾದ ಕೆಲಸ, ಹೆಮ್ಮೆಪಡುತ್ತೇವೆ. ಆದರೆ ಕಡಲಾಚೆಯ ಬಣ್ಣಭೇದಕ್ಕೆ ಮರುಗುವ ಕಣ್ಣಿಗೆ ಊರಾಚೆಯ ಕೇರಿ ಯಾಕೆ ಕಾಣುವುದಿಲ್ಲ?

ಪಾಲ್ವಣಕರ್ ಬಾಲೂ ನೆನಪಿದ್ದಾನೆಯೆ? ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ. ಪುಣೆಯಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಪಿಚ್ಚು ಹದಮಾಡಿದ, ಬಿಳಿಯರಿಗೆ ಬೌಲಿಂಗ್ ಮಾಡಿದ. ಬ್ಯಾಟು ಮಾತ್ರ ಅವನ ಕೈಗೆ ಕೊಡಲಿಲ್ಲ. ಹಿಂದೂಗಳ ತಂಡಕ್ಕೆ ಅವನ ಕೈ ಬೇಕಿತ್ತು, ಅವನ ಪಂಕ್ತಿ ಬೇಡವಾಗಿತ್ತು. ಚಹಾ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ಕಿತ್ತ. ಆದರೂ ನಾಯಕನಾಗಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ, ಶಿವರಾಮ ತಂಡ ಬಿಟ್ಟು ಹೊರನಡೆದರು. 1923ರಲ್ಲಿ ವಿಠ್ಠಲ ನಾಯಕನಾದ. ಬೇಡಿ ಪಡೆದದ್ದಲ್ಲ ಅದು, ಹೊರನಡೆದು ಪಡೆದದ್ದು.

ದಕ್ಷಿಣ ಆಫ್ರಿಕಾ 1891ರಲ್ಲಿ ಮೊದಲ ಟೆಸ್ಟ್ ಆಡಿತು. 1995ರಲ್ಲಿ ವಿಶ್ವಕಪ್ ಗೆದ್ದಾಗ, ಮಂಡೇಲಾ ಅದೇ ಅಂಗಿ ತೊಟ್ಟು ನಿಂತಾಗಲೂ, ತಂಡದಲ್ಲಿ ಬಿಳಿಯನಲ್ಲದವನು ಚೆಸ್ಟರ್ ವಿಲಿಯಮ್ಸ್ ಒಬ್ಬನೇ. ಜ್ವಿಡೆಯ ಕರಿಯರ ಕೇರಿಯಲ್ಲಿ ಬಡತನ ಉಂಡು ಬೆಳೆದ ಸಿಯಾ ಕೋಲಿಸಿ ಟೆಸ್ಟ್ ನಾಯಕನಾದದ್ದು 2018ರಲ್ಲಿ. ನೂರಿಪ್ಪತ್ತೇಳು ವರ್ಷ ಬೇಕಾಯಿತು! 2019ರಲ್ಲಿ, 2023ರಲ್ಲಿ ಅವನ ಕೈಯಲ್ಲೇ ವಿಶ್ವಕಪ್ ಬಂತು. ಯೋಗ್ಯತೆ ಇಲ್ಲ ಎಂದವರ ಬಾಯಿಗೆ ಈಗ ಏನು ತುಂಬೋಣ?

ಒಬ್ಬ ಕೋಲಿಸಿಯಿಂದ ಕೇರಿಯ ಹಸಿವು ಹೋಗಲಿಲ್ಲ, ಒಬ್ಬ ವಿಠ್ಠಲನಿಂದ ಕುಡಿಕೆ ಒಡೆಯಲಿಲ್ಲ. ಅದೂ ನಮಗೆ ಗೊತ್ತು. ಅದಕ್ಕೇ ಹಳ್ಳಿಯ ಮೇಷ್ಟ್ರುಗಳೇ, ನಿಮ್ಮನ್ನು ಕೇಳುತ್ತೇವೆ. ನಾಳೆ ಬಯಲಿಗೆ ಹೋದಾಗ ನೋಡಿ: ಕಲ್ಲು ಆರಿಸುವವರು ಯಾರು? ತಂಡದ ಪಟ್ಟಿಯಲ್ಲಿ ಯಾರು? ನೀರಿನ ಲೋಟ ಎಷ್ಟು? ನಮ್ಮ ಹೆಣ್ಣುಮಕ್ಕಳು ಬಯಲಿಗೆ ಬಂದಿದ್ದಾರೆಯೆ? ಲೋಟ ಎರಡಿದ್ದರೆ ಆಟ ನಿಲ್ಲಿಸಿ.

ಓದಿದ ನಮ್ಮವರಿಗೂ ಒಂದು ಮಾತು. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದೆ ಬರುವವನಿಗೇ ಕೊಡಬೇಕು. ನಮ್ಮ ಕೈಗೆ ಚೆಂಡು ಬಂದಿದೆ. ಕೇರಿಯ ಹುಡುಗರು ಹಿಂದೆ ಓಡಿ ಬರುತ್ತಿದ್ದಾರೆ. ಕೊಡದೆ ಒಬ್ಬರೇ ಓಡಿದರೆ ನಮಗೂ ಆ ಮೇಷ್ಟ್ರಿಗೂ ಏನು ವ್ಯತ್ಯಾಸ?