ಮೀನುಕೆರೆಗಳೂ ನೀರುಕಾಗೆಗಳೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಮೀನು ಮತ್ತು ಸಿಗಡಿ ಕೆರೆಗಳನ್ನಿಟ್ಟವರಿಗೆ ನೀರುಕಾಗೆ, ಬೆಳ್ಳಕ್ಕಿಗಳಿಂದಾಗುವ ನಷ್ಟವು ಅಲ್ಪವಲ್ಲ. ಆದರೂ ಕೋವಿಯೆತ್ತುವುದು ಸಲ್ಲದು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಇವು ರಕ್ಷಿತ ಪಕ್ಷಿಗಳು. ಅಧಿಕಾರವುಳ್ಳ ವನ್ಯಜೀವಿ ಪಾಲಕರ ಲಿಖಿತ ಅಪ್ಪಣೆಯಿಲ್ಲದೆ ಕೊಲ್ಲುವುದು ಅಪರಾಧ. ಕೊಂದರೂ ಆಹಾರವಿರುವಲ್ಲಿಗೆ ಬೇರೆ ಹಕ್ಕಿಗಳು ಬಂದೇ ಬರುವುವು. ಕೆರೆಗೆ ಬಲೆ ಹೊದಿಸುವುದೂ, ಅಡ್ಡಲಾಗಿ ಹುರಿಗಳನ್ನು ಕಟ್ಟುವುದೂ, ಮರಿ ಬಿಟ್ಟ ಮೊದಲ ವಾರಗಳಲ್ಲಿ ಕಾವಲಿಡುವುದೂ ಮೇಲು. ಸಿಗಡಿ ಕೆರೆಗೆ ಹಕ್ಕಿಗಳು ಒಮ್ಮೆಗೇ ಮುತ್ತಿದರೆ ಮೊದಲು ಸಿಗಡಿಯನ್ನೇ ಪರೀಕ್ಷಿಸತಕ್ಕದ್ದು. ರೋಗ ತಗುಲಿದ ಸಿಗಡಿಯು ಮೇಲಕ್ಕೂ ಅಂಚಿಗೂ ಬರುವುದುಂಟು.

ಇಷ್ಟಾದರೂ ನಷ್ಟವು ನಿಲ್ಲದಿದ್ದಲ್ಲಿ ಅರ್ಜಿದಾರರ ಸ್ಥಳವನ್ನು ತನಿಖೆ ಮಾಡಿ, ಫಸಲು ಕೈಬಿಡುವ ಮುನ್ನವೇ ತೀರ್ಮಾನವಾಗಬೇಕೆಂದು ನಮ್ಮ ಅಭಿಪ್ರಾಯ. ಫಸಲು ಹೋದ ಬಳಿಕ ಬರುವ ಉತ್ತರದಿಂದ ರೈತನಿಗೂ ಕಾಯಿದೆಗೂ ಹಿತವಿಲ್ಲ. ಗ್ರಾಮದ ಮುಖ್ಯಸ್ಥರು ಇದನ್ನು ಎಲ್ಲರಿಗೂ ತಿಳಿಯಪಡಿಸಬೇಕಾಗಿ ಕೋರುತ್ತೇವೆ.