ಕಠಿಣವೋ, ತ್ರಾಸವೋ?

2023ರ ಯುಗಾದಿ ಮಾರ್ಚ್ 22ರ ಬುಧವಾರ ಬಂದಿತ್ತು. ಅದರ ಮುಂದಿನ ಭಾನುವಾರ ನಮ್ಮ ಬಳಗದ ತಿಂಗಳ ಕೂಟ ಆಂಟಾಪ್ ಹಿಲ್ಲಿನಲ್ಲಿ, ಕೇಂದ್ರ ಸರಕಾರಿ ನೌಕರರ ವಸತಿಗೃಹವೊಂದರ ಮೂರನೆಯ ಮಹಡಿಯಲ್ಲಿ ಸೇರಿತು. ಮನೆಯವರು ಧಾರವಾಡದ ಕಡೆಯವರು. ಹೊರಕೋಣೆಯಲ್ಲಿ ಚಾಪೆ ಹಾಸಿ ಕುಮಾರವ್ಯಾಸನ ವಿರಾಟಪರ್ವವನ್ನು ಗಮಕಕ್ಕೆ ಇಟ್ಟುಕೊಂಡಿದ್ದೆವು. (ಪಕ್ಕದ ಗುರು ತೇಗ್ ಬಹಾದೂರ್ ನಗರ ರೈಲು ನಿಲ್ದಾಣದ ಹಳೆಯ ಹೆಸರು ಕೋಳಿವಾಡ, ಗದುಗಿನ ನಾರಣಪ್ಪನ ಊರೂ ಕೋಳಿವಾಡವೆಂದೇ ಹೇಳುತ್ತಾರೆ. ಈ ಕಾಕತಾಳೀಯವನ್ನು ನಾವು ಪ್ರತಿ ಸಲವೂ ಹೇಳಿಕೊಂಡು ಸುಖಪಡುತ್ತೇವೆ.) ಉತ್ತರಕುಮಾರ ಕೌರವಸೇನೆಯನ್ನು ಕಂಡು ರಥದಿಂದ ಧುಮುಕುವ ಹೊತ್ತಿಗೆ ಒಳಕೋಣೆಯಿಂದ ಇಬ್ಬರು ಹುಡುಗರ ಕೂಗಾಟ ಕೇಳಿಸಿತು. ಗಮಕಿಗಳು ಒಂದು ಕ್ಷಣ ನಿಲ್ಲಿಸಿ, ನಕ್ಕು, ಮುಂದುವರಿಸಿದರು. ಅದೇ ಹೊತ್ತಿಗೆ ಮನೆಯ ಕಿರಿಯ ಮಗಳು ಒಳಕೋಣೆಯಿಂದ ಎದ್ದು ಅಡುಗೆಮನೆಗೆ ಹೋದಳು. ಅದನ್ನು ನಾವು ಕಂಡೆವು, ಗಮನಿಸಲಿಲ್ಲ.

ಕೂಗಾಟಕ್ಕೆ ಕಾರಣ ‘ಡಯಾಬ್ಲೊ 4’. ಅಮೆರಿಕದ ಬ್ಲಿಝಾರ್ಡ್ ಸಂಸ್ಥೆ ಆ ಆಟವನ್ನು ಜೂನ್ ತಿಂಗಳಲ್ಲಿ ಮಾರುಕಟ್ಟೆಗೆ ತರುವ ಮುನ್ನ ಮಾರ್ಚ್ 24ರಿಂದ ಮೂರು ದಿನ ಎಲ್ಲರಿಗೂ ಉಚಿತವಾಗಿ ಆಡಲು ಬಿಟ್ಟಿತ್ತು. ಇಂಥ ಪೂರ್ವಪ್ರಯೋಗಕ್ಕೆ ಬೀಟಾ ಎನ್ನುತ್ತಾರೆ. ನಾಟಕ ಮಂಡಳಿಯವರು ಊರವರನ್ನು ಕರೆದು ತಾಲೀಮು ತೋರಿಸಿದಂತೆ ಎನ್ನಬಹುದು. ವ್ಯತ್ಯಾಸವಿಷ್ಟೆ, ಇಲ್ಲಿ ಬಂದವರೆಲ್ಲ ರಂಗವೇರಿ ಕತ್ತಿ ಹಿಡಿಯಬೇಕು. ಕಥೆಯ ಮೊದಲ ಅಂಕ ಮಾತ್ರ ತೆರೆದಿತ್ತು. ಪಾತ್ರ 25ನೆಯ ಮಟ್ಟಕ್ಕಿಂತ ಮೇಲೇರುವಂತಿರಲಿಲ್ಲ. ಆಯ್ಕೆಗೆ ಐದು ಬಗೆಯ ಪಾತ್ರಗಳು, ಕಾಠಿಣ್ಯದ ಎರಡು ಮೆಟ್ಟಿಲುಗಳು. ಹನ್ನೆರಡನೆಯ ತರಗತಿಯ ಪರೀಕ್ಷೆ ಆ ವಾರವಷ್ಟೇ ಮುಗಿಸಿದ್ದ ಮನೆಯ ಮಗನೂ ಎದುರು ಕಟ್ಟಡದ ತಮಿಳು ಗೆಳೆಯನೂ ಎರಡು ರಾತ್ರಿ ನಿದ್ದೆಗೆಟ್ಟು ಆಡಿದ್ದರು. ಜಗಳ ಒಂದೇ ಪ್ರಶ್ನೆಯ ಮೇಲೆ: ಆಟ ಕಷ್ಟವೋ, ಸುಲಭವೋ?

ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಮನೆಯ ಮಗ ಆರಿಸಿಕೊಂಡದ್ದು ನೆಕ್ರೊಮ್ಯಾನ್ಸರ್ ಎಂಬ ಮಾಂತ್ರಿಕನನ್ನು. ಈತ ಸತ್ತವರ ಎಲುಬುಗಳನ್ನೆಬ್ಬಿಸಿ ಪಡೆ ಕಟ್ಟುತ್ತಾನೆ. ಶತ್ರುಗಳು ಆ ಪಡೆಯ ಮೇಲೆ ಮುಗಿಬೀಳುವಾಗ ಒಡೆಯ ದೂರ ನಿಂತು ನೋಡಬಹುದು. ಗೆಳೆಯ ಆರಿಸಿಕೊಂಡದ್ದು ಬಾರ್ಬೇರಿಯನ್ ಎಂಬ ಜಟ್ಟಿಯನ್ನು. ಅವನು ಶತ್ರುವಿನ ಮೈಗೆ ಮೈ ತಾಗಿಸಿಯೇ ಹೊಡೆಯಬೇಕು, ಹೊಡೆದಷ್ಟೂ ತಿನ್ನಬೇಕು. ಆ ವಾರಾಂತ್ಯ ಜಗತ್ತಿನಾದ್ಯಂತ ಆಡಿದವರಲ್ಲಿಯೂ ಇದೇ ಒಡಕು ಕಾಣಿಸಿತು: ಮಾಂತ್ರಿಕರಿಗೆ ಆಟ ಹೂವಿನ ಹಾಸಿಗೆ, ಜಟ್ಟಿಗಳಿಗೆ ಮುಳ್ಳಿನ ಹಾದಿ. ಒಂದೇ ಊರಿಗೆ ಒಬ್ಬ ಬಂಡಿಯಲ್ಲಿಯೂ ಇನ್ನೊಬ್ಬ ಬರಿಗಾಲಿನಲ್ಲಿಯೂ ಹೋಗಿ ಬಂದು ದಾರಿ ಹೇಗಿತ್ತೆಂದು ವಾದಿಸಿದಂತಾಯಿತು.

ಗಮಕ ಮುಗಿದು ಚಹಾ ಬಂದಾಗ ನಾವು ಹುಡುಗರನ್ನು ಹೊರಗೆ ಕರೆದು ಕೂರಿಸಿ ಕೇಳಿದೆವು. ನಮ್ಮ ಕುತೂಹಲ ಆಟದ ಮೇಲಿದ್ದುದಕ್ಕಿಂತ ಅವರ ಮಾತಿನ ಮೇಲೆಯೇ ಹೆಚ್ಚಿತ್ತೆಂದು ಒಪ್ಪಿಕೊಳ್ಳುತ್ತೇವೆ. ಇಬ್ಬರೂ ಹಿಂದಿಯಲ್ಲಿ ಜಗಳವಾಡುವಾಗ ಎಲ್ಲಕ್ಕೂ ‘ಹಾರ್ಡ್’ ಎಂಬ ಒಂದೇ ಶಬ್ದವನ್ನು ಬಳಸುತ್ತಿದ್ದರು. ಮನೆಯ ಮಗ ಕನ್ನಡಕ್ಕೆ ತಿರುಗಿದೊಡನೆ ಶಬ್ದ ಎರಡಾಯಿತು. “ಬುಚರ್ ಕಠಿಣ ಇದ್ದಾನ್ರೀ ಕಾಕಾ, ಆದ್ರ ಅದು ಮಜಾ ಅದ. ಹೊಳ್ಳಿ ಹೊಳ್ಳಿ ಅದs ದಾರಿ ನಡೀಬೇಕಲ್ಲ, ಅದು ತ್ರಾಸ.”

ಬುಚರ್ ಎಂದರೆ ಗುಹೆಗಳಲ್ಲಿ ಹೇಳದೆ ಕೇಳದೆ ಎದುರಾಗುವ ಕಟುಕ. ಅವನ ಮುಂದೆ ಸಾಯುವುದರಲ್ಲಿ ಹುಡುಗನಿಗೆ ಅವಮಾನವಿರಲಿಲ್ಲ. ಹೇಗೆ ಸತ್ತೆನೆಂಬುದು ಅವನಿಗೆ ತಿಳಿದಿತ್ತು, ಮುಂದಿನ ಸಲ ಏನು ಮಾಡಬೇಕೆಂಬುದೂ ಹೊಳೆದಿತ್ತು. ಬಾಗಿಲು ತೆರೆಯುವ ಕೀಲಿಗಾಗಿ ನಡೆದ ಹಾದಿಯಲ್ಲೇ ಹಿಂದಿರುಗುವುದರಲ್ಲಿ ಕಲಿಯುವಂಥದ್ದೇನೂ ಇರಲಿಲ್ಲ. ಧಾರವಾಡದ ಕನ್ನಡಕ್ಕೂ ಈ ಊರಿನ ಮರಾಠಿಗೂ ಸಮಾನವಾಗಿ ಸೇರಿದ ‘ತ್ರಾಸ’ ಎಂಬ ಆ ಮಾತು, ಆಟದ ವಿಮರ್ಶಕರು ಪುಟಗಟ್ಟಲೆ ಬರೆದು ಹೇಳಲೆತ್ನಿಸುವುದನ್ನು ಎರಡಕ್ಷರದಲ್ಲಿ ಹೇಳಿಬಿಟ್ಟಿತೆಂದು ನಮಗೆ ಅನಿಸಿತು. ಕಠಿಣವಾದದ್ದನ್ನು ನಾವು ಕೈಗೆತ್ತಿಕೊಳ್ಳುತ್ತೇವೆ. ತ್ರಾಸ ನಮ್ಮ ಮೇಲೆ ಬಂದು ಬೀಳುತ್ತದೆ. ಒಂದು ಆಟ ಎಷ್ಟು ಕಷ್ಟವೆಂದು ಒಂದರಿಂದ ಹತ್ತರವರೆಗೆ ಅಂಕ ಕೇಳುವವರು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಆಮೇಲೆ ಬಂದ ತೂಕವನ್ನು ನೋಡಿ ಕಠಿಣವನ್ನು ಕಡಿಮೆ ಮಾಡುತ್ತಾರೆ, ತ್ರಾಸವನ್ನು ಹಾಗೆಯೇ ಉಳಿಸುತ್ತಾರೆ. ನಮ್ಮ ತಕರಾರು ಇಷ್ಟೇ.

ಆ ಬೀಟಾದಲ್ಲಿದ್ದ ಅಶಾವಾ ಎಂಬ ಮಹಾದೈತ್ಯೆಯನ್ನೇ ನೋಡಿ. ಗೊತ್ತುಪಡಿಸಿದ ಹೊತ್ತಿಗೆ ಮಾತ್ರ ಬರುವ ಅವಳನ್ನು ಹನ್ನೆರಡು ಜನರವರೆಗೆ ಸೇರಿ ಹದಿನೈದು ನಿಮಿಷದೊಳಗೆ ಕೊಲ್ಲಬೇಕು. ಅವಳ ಕೈಯ ಕೊಡಲಿಯಲಗುಗಳಿಂದ ತಪ್ಪಿಸಿಕೊಳ್ಳುವುದು ಕಠಿಣ, ನಿಜ. ಆದರೆ ಸುತ್ತ ಯಾರು ಬಂದು ಸೇರುತ್ತಾರೆಂಬುದು ಆಡುವವನ ಕೈಯಲ್ಲಿಲ್ಲ. ಇನ್ನೂ 25ನೆಯ ಮಟ್ಟ ಮುಟ್ಟದ ನಾಲ್ಕು ಮಂದಿ ಕುತೂಹಲಕ್ಕೆ ಬಂದು ನಿಂತರೆ ಉಳಿದವರು ಎಷ್ಟೇ ಚೆನ್ನಾಗಿ ಆಡಿದರೂ ಗಡಿಯಾರ ಗೆಲ್ಲುತ್ತದೆ. ನಮ್ಮ ಹುಡುಗರು ಹಾಗೆಯೇ ಸೋತರು.

ಇನ್ನೊಂದು ತ್ರಾಸ ಮುಂಬಯಿಗೇ ಸೇರಿದ್ದು, ಪರದೆಯ ಮೇಲೆ ಕಾಣದ್ದು. ಇಂಥ ಆಟ ನಡೆಯುವುದು ನಮ್ಮ ಮೇಜಿನ ಮೇಲಲ್ಲ, ದೂರದ ಸರ್ವರಿನಲ್ಲಿ. ಅದು ಸಿಂಗಪುರದಲ್ಲಿದೆ ಎಂದಿಟ್ಟುಕೊಳ್ಳೋಣ. ಇಲ್ಲಿಂದ ಅಲ್ಲಿಗೆ ನೇರ ಗೆರೆಯಲ್ಲಿ ಸುಮಾರು 3,900 ಕಿಲೋಮೀಟರ್. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸರಿಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಎಂದರೆ ಗುಂಡಿ ಒತ್ತಿದ ಸಂಗತಿ ಹೋಗಿ ಉತ್ತರ ಹಿಂದಿರುಗಲು ಕಡಿಮೆಯೆಂದರೂ ಸೆಕೆಂಡಿನ ಇಪ್ಪತ್ತೈದನೆಯ ಒಂದು ಪಾಲು ಬೇಕು. ತಂತಿಗಳು ನೇರವಾಗಿ ಹಾಯುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಮನುಷ್ಯನಿಗೆ ಬೇಕಾಗುವುದು ಸುಮಾರು ಸೆಕೆಂಡಿನ ಕಾಲು ಭಾಗ. ಆ ಕಾಲು ಭಾಗದ ಬಡತನದಲ್ಲಿ ಸಮುದ್ರವೂ ತನ್ನ ಸುಂಕವನ್ನು ಕೀಳುತ್ತದೆ. ಗೆಳೆಯನ ಕಂಪ್ಯೂಟರಿನಲ್ಲಿ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಹಳೆಯ ಗ್ರಾಫಿಕ್ಸ್ ಕಾರ್ಡ್ ಇತ್ತು. ಗದ್ದಲ ಹೆಚ್ಚಾದಾಗಲೆಲ್ಲ ಚಿತ್ರ ತಡವರಿಸುತ್ತಿತ್ತು. ಸರ್ವರಿನ ಪಕ್ಕದ ಊರಿನಲ್ಲಿ ಹೊಸ ಯಂತ್ರದ ಮುಂದೆ ಕೂತವನು ‘ಸುಲಭ’ ಎಂದದ್ದನ್ನೂ ಇಲ್ಲಿ ಕೂತವನು ‘ಕಷ್ಟ’ ಎಂದದ್ದನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಸಂಖ್ಯೆ ಯಾರ ಅನುಭವವೂ ಅಲ್ಲ.

ಸಂಸ್ಥೆ ಆಡಿದವರ ಮಾತಿಗೆ ಕಿವಿಗೊಡಲಿಲ್ಲವೆಂದು ನಾವು ಹೇಳುತ್ತಿಲ್ಲ. ಏಪ್ರಿಲ್ ತಿಂಗಳಲ್ಲಿ ಅವರು ಪ್ರಕಟಿಸಿದ ಬದಲಾವಣೆಗಳಲ್ಲಿ ಜಟ್ಟಿಗೆ ಪೆಟ್ಟು ತಡೆಯುವ ಬಲ ಹೆಚ್ಚಿತು, ಮಾಂತ್ರಿಕನ ಎಲುಬಿನ ಪಡೆ ಬೇಗ ಸಾಯುವಂತಾಯಿತು, ನಡೆದ ದಾರಿಯಲ್ಲೇ ಹಿಂದಿರುಗುವ ಕಾಟ ಕಡಿಮೆಯಾಗುವಂತೆ ಹಲವು ಗುಹೆಗಳನ್ನು ತಿದ್ದಲಾಯಿತು. ನಮ್ಮ ಹುಡುಗ ‘ತ್ರಾಸ’ ಎಂದದ್ದನ್ನೇ ಬೇರೆ ಬೇರೆ ಭಾಷೆಗಳಲ್ಲಿ ಸಾಕಷ್ಟು ಜನ ಹೇಳಿರಬೇಕು. ಇದು ಕೇಳುವ ಸರಿಯಾದ ಬಗೆ. ಅದೇ ಸಂಸ್ಥೆ ಜುಲೈ 18ರಂದು ಎಲ್ಲ ಬಗೆಯ ಪಾತ್ರಗಳ ಬಲವನ್ನೂ ತಗ್ಗಿಸಿತು, ಆಡುವವರು ಸಿಡಿದೆದ್ದರು, ಮೂರೇ ದಿನಗಳಲ್ಲಿ ಇಂಥ ತಿದ್ದುಪಡಿಯನ್ನು ಮತ್ತೆ ಮಾಡುವುದಿಲ್ಲವೆಂದು ತಯಾರಕರು ಬಹಿರಂಗವಾಗಿ ಹೇಳಬೇಕಾಯಿತು. ಆಟ ಕಠಿಣವಾಯಿತೆಂಬುದಕ್ಕಿಂತ ಬೆವರು ಸುರಿಸಿ ಗಳಿಸಿದ್ದನ್ನು ಕಿತ್ತುಕೊಂಡರೆಂಬುದೇ ಜನರನ್ನು ಹೆಚ್ಚು ಕೆರಳಿಸಿತೆಂದು ನಮ್ಮ ಅಂದಾಜು.

ಇನ್ನು ಎದುರು ಪಕ್ಷದ ವಾದವೊಂದಿದೆ, ಅದಕ್ಕೂ ತೂಕವುಂಟು. ಆಟ ಕಷ್ಟವೆಂದವನಿಗೆ ಆಟಗಾರರ ಲೋಕದಲ್ಲಿ ಸಿಗುವ ಸಿದ್ಧ ಉತ್ತರ: ಆಡುವುದನ್ನು ಕಲಿ. 2009ರ ‘ಡೆಮನ್ಸ್ ಸೋಲ್ಸ್’ ಆಟವನ್ನು ಅದು ಸಿದ್ಧವಾಗುತ್ತಿದ್ದ ಹೊತ್ತಿನಲ್ಲಿ ಸೋನಿ ಸಂಸ್ಥೆಯ ಹಿರಿಯರಾಗಿದ್ದ ಶುಹೆಯಿ ಯೋಶಿದಾ ಆಡಿ ನೋಡಿದರು. ಎರಡು ಗಂಟೆಯಾದರೂ ಆರಂಭದ ಜಾಗದಿಂದ ಕದಲಲಾಗದೆ, ಇದು ತೀರ ಕೆಟ್ಟ ಆಟವೆಂದು ತೀರ್ಮಾನಿಸಿದರು. ಪಶ್ಚಿಮದಲ್ಲಿ ಅದನ್ನು ಬೇರೆಯವರು ಪ್ರಕಟಿಸಿದರು, ಆಟ ಗೆದ್ದಿತು, ಯೋಶಿದಾ ತಮ್ಮ ತಪ್ಪನ್ನು ಮುಂದೆ ತಾವಾಗಿಯೇ ಒಪ್ಪಿಕೊಂಡರು. ಆ ಆಟದ ನಿರ್ದೇಶಕ ಹಿದೆತಕ ಮಿಯಝಾಕಿ ಮೊದಲ ಅಭಿಪ್ರಾಯಕ್ಕೆ ಹೆದರಿ ಆಟವನ್ನು ಮೆತ್ತಗಾಗಿಸಿದ್ದರೆ 2022ರ ‘ಎಲ್ಡೆನ್ ರಿಂಗ್’ ಹುಟ್ಟುತ್ತಿತ್ತೋ ಇಲ್ಲವೋ. ಆದರೆ ಈ ಕಥೆಯನ್ನು ಹೇಳುವವರು ಒಂದನ್ನು ಮರೆಯುತ್ತಾರೆ. ‘ಎಲ್ಡೆನ್ ರಿಂಗ್’ನಲ್ಲಿ ಕಾಠಿಣ್ಯವನ್ನು ಇಳಿಸುವ ಮೆಟ್ಟಿಲು ಇಲ್ಲ, ನಿಜ; ಹಾದಿಯಲ್ಲಿ ಸಹಾಯಕ್ಕೆ ಕರೆದುಕೊಳ್ಳಬಹುದಾದ ಆತ್ಮಗಳಿವೆ, ಹತ್ತಿ ಓಡಲು ಕುದುರೆಯಿದೆ, ಒಂದು ಕಡೆ ಸೋತರೆ ಇನ್ನೊಂದು ದಿಕ್ಕಿಗೆ ಹೋಗಿ ಬಲಿತು ಬರುವ ಬಯಲಿದೆ. ಶತ್ರು ಇದ್ದಂತೆಯೇ ಇದ್ದಾನೆ. ಅವನಲ್ಲಿಗೆ ಹೋಗುವ ದಾರಿಗಳು ಹೆಚ್ಚಿವೆ.

ನಮಗಿದು ಹೊಸತೆನಿಸಬೇಕಾಗಿಲ್ಲ. ಅಂದು ಹೊರಕೋಣೆಯಲ್ಲಿ ನಾವು ಮಾಡುತ್ತಿದ್ದುದಾದರೂ ಏನು? ಭಾಮಿನಿ ಷಟ್ಪದಿಯನ್ನು ಒಬ್ಬರೇ ಕೂತು ಕಣ್ಣಿನಿಂದ ಓದಿ ಅರ್ಥ ಮಾಡಿಕೊಳ್ಳಬಲ್ಲವರು ನಮ್ಮಲ್ಲಿ ಮೂರೋ ನಾಲ್ಕೋ ಮಂದಿ. ಗಮಕಿಗಳು ಪದ ಬಿಡಿಸಿ ಹಾಡುತ್ತಾರೆ, ವ್ಯಾಖ್ಯಾನಕಾರರು ಹಿಂದೆಯೇ ಅರ್ಥ ಹೇಳುತ್ತಾರೆ. ಕವಿಯ ಒಂದಕ್ಷರವೂ ಸಡಿಲವಾಗುವುದಿಲ್ಲ. ಅಂದಿನ ಪ್ರಸಂಗವೂ ಅಂಥದ್ದೇ. ಓಡುವ ಉತ್ತರನನ್ನು ಬೃಹನ್ನಳೆ ಹಿಡಿದು ತರುತ್ತಾಳೆ. ಸೇನೆಯನ್ನು ಸಣ್ಣದು ಮಾಡುವುದು ಅವಳ ಕೈಯಲ್ಲಿಲ್ಲ. ಅವನ ಕೈಗೆ ಬಿಲ್ಲಿನ ಬದಲು ಲಗಾಮು ಕೊಡುತ್ತಾಳೆ, ಅಷ್ಟೆ. ಕೇಳುವ ನಾವು ಮಾತ್ರ ಆರು ನೂರು ವರ್ಷಗಳಿಂದ ಉತ್ತರನನ್ನು ನೋಡಿ ನಗುತ್ತಲೇ ಇದ್ದೇವೆ.

ಹೀಗೆ ಹುಡುಗರ ಅಭಿಪ್ರಾಯವನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹದಿಮೂರರ ಆ ಹುಡುಗಿಯನ್ನು ಮನೆಯ ತಾಯಿ ಮುಂದೆ ತಳ್ಳಿದರು. “ಈಕೀನೂ ಆಡಿದಳು, ಈಕೀನ್ನ ಯಾರೂ ಕೇಳಲಿಲ್ಲ.” ಅವಳು ಆಡಿದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಹಲವು ಸಲ ಸತ್ತಿದ್ದಳು. ಅಣ್ಣ ಅವಳಿಗೆ ಎರಡನೆಯ ಮೆಟ್ಟಿಲನ್ನೇ ಇಟ್ಟುಕೊಟ್ಟಿದ್ದ. ಮೊದಲನೆಯದು ಸಣ್ಣ ಮಕ್ಕಳಿಗೆಂದು ಅವನ ಮತ. ಇಂಥದೊಂದು ಆಯ್ಕೆ ಇದೆಯೆಂಬುದೇ ಅವಳಿಗೆ ತಿಳಿದಿರಲಿಲ್ಲ. ಆಟ ಕಷ್ಟವಾಯಿತೆ ಎಂದು ನಾವು ಕೇಳಿದೆವು.

“ಸತ್ತಿದ್ದಕ್ಕ ಬಿಡಲಿಲ್ರೀ ಕಾಕಾ. ಸತ್ತಾಗೊಮ್ಮೆ ಅಣ್ಣ ನಗತಿದ್ದ.”

ಯಾವ ಆಟಗಾರ ಎಲ್ಲಿ ಸತ್ತ, ಎಷ್ಟು ಹೊತ್ತು ಆಡಿದ ಎಂಬುದನ್ನು ಯಂತ್ರ ದಾಖಲಿಸಿಕೊಳ್ಳಬಲ್ಲದು. ಏಕೆ ಎದ್ದು ಹೋದನೆಂಬುದನ್ನು ಎದ್ದು ಹೋದವನೇ ಹೇಳಬೇಕು, ಅವನು ಹೇಳಲು ಉಳಿದಿರುವುದಿಲ್ಲ. ಬೀಟಾದ ಅಭಿಪ್ರಾಯಗಳೆಂದು ನಾವು ಓದುವುದೆಲ್ಲ ಉಳಿದವರ ಅಭಿಪ್ರಾಯ. ಅವರಲ್ಲಿ ಆಟ ಕಠಿಣವಾಯಿತೆಂದು ಗೊಣಗುವವರೂ ಆಟವನ್ನು ಪ್ರೀತಿಸುವವರೇ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಹುಡುಗಿ ಹಿಂದಿನ ದೀಪಾವಳಿಯವರೆಗೆ ನಮ್ಮ ಭಾನುವಾರದ ಕನ್ನಡ ತರಗತಿಗೂ ಬರುತ್ತಿದ್ದಳು. ಆಮೇಲೆ ಬರಲಿಲ್ಲ. ಕಾರಣವನ್ನು ನಾವೇ ಕಟ್ಟಿಕೊಂಡಿದ್ದೆವು: ಇಂಗ್ಲಿಷು ಶಾಲೆ, ಒತ್ತಕ್ಷರ ಕಷ್ಟ, ಈ ಊರಿನ ಮಕ್ಕಳಿಗೆ ಆಸಕ್ತಿಯಿಲ್ಲ. ವರ್ಷದ ವರದಿಯಲ್ಲಿ ಹಾಗೆಯೇ ಬರೆದೂ ಇದ್ದೆವು. ಒಂದು ಸಲ ಅವಳು ಗಟ್ಟಿಯಾಗಿ ಓದುವಾಗ ‘ಹಳ್ಳಿ’ಯನ್ನು ‘ಹಲ್ಲಿ’ ಮಾಡಿದ್ದಳು. ಅಜ್ಜ ಹಲ್ಲಿಯಲ್ಲಿ ವಾಸಿಸುವಂತಾಗಿ, ತರಗತಿಯೆಲ್ಲ ನಕ್ಕಿತ್ತು. ನಗುವನ್ನು ಆರಂಭಿಸಿದವರು ಮಕ್ಕಳಲ್ಲ, ನಾವು. ಪ್ರೀತಿಯಿಂದಲೇ ನಕ್ಕಿದ್ದೆವು, ಅಣ್ಣನೂ ಹಾಗೆಯೇ ಹೇಳಿಯಾನು.

ಈಗ ತರಗತಿಯಲ್ಲಿ ಮೊದಲು ನಾವು ಓದುತ್ತೇವೆ, ಮಕ್ಕಳು ಜೊತೆಗೂಡಿ ಓದುತ್ತಾರೆ, ಒಬ್ಬೊಬ್ಬರೇ ಓದುವುದು ಅವರು ಕೇಳಿದಾಗ ಮಾತ್ರ. ಬಿಟ್ಟುಹೋದ ಒಂಬತ್ತು ಮನೆಗಳಿಗೆ ಹೋಗಿ ಕೇಳಿ ಬರಬೇಕೆಂದು ನಿಶ್ಚಯಿಸಿ ಇಲ್ಲಿಯವರೆಗೆ ನಾಲ್ಕಕ್ಕೆ ಹೋಗಿದ್ದೇವೆ. ಆ ಹುಡುಗಿ ಅಣ್ಣ ಕಾಲೇಜಿಗೆ ಹೋದ ಹೊತ್ತಿನಲ್ಲಿ, ಮೊದಲ ಮೆಟ್ಟಿಲಿನಲ್ಲಿ, ಜಟ್ಟಿಯನ್ನೇ ಆರಿಸಿಕೊಂಡು ಆಟವನ್ನು ಮತ್ತೆ ಆರಂಭಿಸಿದ್ದಾಳೆಂದು ತಾಯಿ ಹೇಳಿದರು. ತರಗತಿಗೆ ಇನ್ನೂ ಬಂದಿಲ್ಲ.